ಗೋಸ್ಬರ್ಟನ ಎಡಗೆನ್ನೆ

ನಮ್ಮ ಕೌಂಟ್ ಗಾಲೆರಾನ್ ದೊರೆ ವೆರ್ಮೋನ್ ಹಳ್ಳಿಯ ಗುಡ್ಡದ ಮೇಲೆ ಬಾರಿಸಿದ ಆ ಒಂದು ಏಟಿನ ಸದ್ದಿಗೆ, ಏಳು ಹರದಾರಿ ಆಚೆಯ ಇಗರ್ಜಿಯ ಗಂಟೆ ತಾನಾಗಿಯೇ ಮೊಳಗಿತು. ಕುರುಡು ಕುದುರೆಗೆ ಕಣ್ಣು ಬಂತು. ಹುಂಜವೊಂದು ಮೊಟ್ಟೆ ಇಟ್ಟಿತು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಹುಂಜ ಇಟ್ಟದ್ದು ಎರಡು ಮೊಟ್ಟೆ, ನೀವು ನಂಬಲೆಂದು ಒಂದನ್ನು ಬಿಟ್ಟು ಹೇಳಿದ್ದೇನೆ.

ಆ ಏಟು ತಿಂದ ಮಹಾಪುರುಷನ ಹೆಸರು ಗೋಸ್ಬರ್ಟ್.

ಗುಡ್ಡದ ಓಕ್ ಕಾಡಿನ ಗಡಿಕಲ್ಲು ಕಾಣೆಯಾದದ್ದೇ ಎಲ್ಲಕ್ಕೂ ಮೂಲ. ಕಾಡು ಕೌಂಟನದಾದರೆ ಉದುರಿದ ಓಕ್ ಕಾಯಿ ಹಳ್ಳಿಯ ಹಂದಿಗಳಿಗೆ. ಮಠದ್ದಾದರೆ ಮಠದ ಹಂದಿಗಳಿಗೆ. ಕಾಯಿ ಇಲ್ಲದಿದ್ದರೆ ಹಂದಿಗಳು ಚಳಿಗಾಲ ದಾಟುವುದಿಲ್ಲ, ಹಂದಿಗಳಿಲ್ಲದಿದ್ದರೆ ಹಳ್ಳಿಯೂ ದಾಟುವುದಿಲ್ಲ. ಮೂವತ್ತು ವರ್ಷದ ಹಿಂದೆ ಹಳೆಯ ಕೌಂಟ್ ಆ ಕಲ್ಲು ನೆಟ್ಟಾಗ, ಸಾಯುವವರೆಗೂ ಜಾಗ ನೆನಪಿರಲಿ ಎಂದು ಪದ್ಧತಿಯಂತೆ ಆರು ವರ್ಷದ ಪೋರನೊಬ್ಬನನ್ನು ಅಲ್ಲಿ ನಿಲ್ಲಿಸಿ ಕೆನ್ನೆಗೆ ಬಾರಿಸಿ, ಕೈಗೊಂದು ಜೇನುರೊಟ್ಟಿ ಕೊಟ್ಟಿದ್ದ. ಉಳಿದ ಮಕ್ಕಳೆಲ್ಲ ಮರ ಹತ್ತಿದ್ದರು. ಸಿಕ್ಕಿಬಿದ್ದವನು ಗೋಸ್ಬರ್ಟ್.

ಈಗ ವಿಚಾರಣೆಯ ದಿನ. ಬೆಳಕು ಹರಿಯುತ್ತಲೇ ಗಿರಣಿಯ ರಿಕಿಲ್ಡಜ್ಜಿ ಬಾಗಿಲಿಗೆ ಬಂದಳು.

"ನೆನಪಾಯ್ತೇನೋ, ಕಲ್ಲು ಎಲ್ಲಿತ್ತು ಅಂತ?"

"ರೊಟ್ಟಿ ನೆನಪಿದೆ ಅಜ್ಜಿ. ಒಳಗೆ ಅಕ್ರೋಟು ಇತ್ತು."

"ನಿನ್ನ ರೊಟ್ಟಿಗೆ ಬೆಂಕಿ ಹಾಕ! ನನ್ನ ಹಂದಿಗಳು ಚಳಿಗಾಲಕ್ಕೆ ನಿನ್ನ ಅಕ್ರೋಟು ತಿಂತಾವಾ?" ಎಂದು ನೆನಪು ಬರಿಸಲು ಅಜ್ಜಿ ಒಂದು ಬಿಗಿದೇ ಬಿಟ್ಟಳು.

"ಹಂಗಲ್ಲ ಅಜ್ಜಿ, ಸರೀರಿ," ಎಂದ ಅವಳ ಬೆನ್ನಿಗೇ ಬಂದಿದ್ದ ಕಮ್ಮಾರ ಟರ್ಪಿನ್, ತೋಳು ಮಡಚುತ್ತ. "ಹಳೇ ದೊರೆ ಕೈ ನನ್ನ ಕೈ ಇದ್ದಂಗೇ ಇತ್ತಂತೆ."

ಗೋಸ್ಬರ್ಟ್ ಓಟ ಕಿತ್ತ. ಹಿಂದಿನಿಂದ ಹೆಂಡತಿ ಎಮೆಲಿನಾ ತನ್ನ ಚೀಸಿನ ಬಗ್ಗೆ ಏನೋ ಅರಚುತ್ತಿದ್ದಳು. ಕೇಳಿಸಿಕೊಳ್ಳಲು ಅವನಿಗೆ ಪುರಸೊತ್ತಿರಲಿಲ್ಲ. ಚಿಂತೆಯ ಭಾರಕ್ಕೆ ಪಾಪ, ಅವನ ಸೊಂಟ ನಿನ್ನೆಯಿಂದಲೇ ಬಾಗಿಹೋಗಿತ್ತು.

ಗುಡ್ಡದ ಮೇಲೆ ಕೌಂಟ್ ಕುದುರೆಯಿಂದಿಳಿದಾಗ ಭೂಮಿ ಒಂದು ಗೇಣು ಕುಸಿಯಿತು. ಮಠದ ಹಿರಿಯರು ಕೆಂಪಗಾಗಿ ಕೂಗಾಡುತ್ತಿದ್ದರು. "ಕಲ್ಲು ಕದ್ದವರು ಈ ಹಳ್ಳಿಯವರೇ! ಗಡಿಕಲ್ಲು ಕಿತ್ತವನ ಕೈ ಕಡೀಬೇಕು ಅಂತ ನಿಮ್ಮದೇ ಕಾನೂನಿದೆ, ದೊರೆ!"

ಗೋಸ್ಬರ್ಟ್ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಸಾಕ್ಷಿ ಹೇಳೋ. ಕಲ್ಲೆಲ್ಲಿತ್ತು?" ಕೌಂಟ್ ಗುಡುಗಿದ.

"ಏಟು ನೆನಪಿದೆ ಬುದ್ಧಿ. ಜಾಗ ಮಸುಕು ಮಸುಕು."

"ಮುಗೀತು, ಕಾಡು ನಮ್ಮದು!" ಎಂದರು ಹಿರಿಯರು.

ಕೌಂಟ್ ತನ್ನ ಮರದ ಹಲಗೆಯಂಥ ಅಂಗೈಯನ್ನು ನೋಡಿಕೊಂಡ. "ನಮ್ಮಪ್ಪ ಹೊಡೆದದ್ದು ಯಾವ ಕೆನ್ನೆಗೆ?"

"ಎಡಗೆನ್ನೆಗೆ ಬುದ್ಧಿ. ಒಂದು ಗಳಿಗೆ ತಡೀರಿ, ಇಲ್ಲಿ ಕಣ್ಣಿಗೆ ಬಿಸಿಲು ಹೊಡೀತಿದೆ." ಗೋಸ್ಬರ್ಟ್ ನಾಲ್ಕು ಹೆಜ್ಜೆ ಸರಿದು, ಜರೀಗಿಡದ ಪೊದೆಯ ಪಕ್ಕ ನಿಂತು ಕಣ್ಣು ಮುಚ್ಚಿದ. "ಹೂಂ, ಈಗ ದಯಮಾಡಿಸಿ."

ಆಗ ಬಿತ್ತು ನೋಡಿ, ಆ ಏಟು! ಗೋಸ್ಬರ್ಟ್ ಮೂರು ಓಕ್ ಮರದೆತ್ತರ ಹಾರಿ, ಒಂದು ಹದ್ದಿಗೆ ನಮಸ್ಕಾರ ಹೇಳಿ, ಪೊದೆಯೊಳಗೆ ಬಿದ್ದ.

"ಅಯ್ಯಯ್ಯೋ, ನನ್ನ ಸೊಂಟ! ಕೆಳಗೆ ಎಂಥದೋ ಕಲ್ಲು!"

ಪೊದೆ ಸರಿಸಿದರೆ, ಹಳೆಯ ಕೌಂಟನ ಡೇಗೆ ಹಕ್ಕಿಯ ಗುರುತಿನ ಚಪ್ಪಟೆ ಕಲ್ಲು! ಹಳ್ಳಿಯೆಲ್ಲ ಕೇಕೆ ಹಾಕಿ ಕುಣಿಯಿತು. "ನಿನ್ನೆ ಇಲ್ಲೇ ಹುಡುಕಿದ್ವಲ್ಲ?" ಎಂದು ಟರ್ಪಿನ್ ತಲೆ ಕೆರೆದುಕೊಂಡ. ಹಿರಿಯರು ಬಗ್ಗಿ ಮೂಸಿದರು. "ಇದ್ಯಾಕೆ ಹುಳಿ ಹಾಲಿನ ವಾಸನೆ?"

"ಕಾಡಿನ ಅಣಬೆ, ಸ್ವಾಮಿ," ಎಂದ ಗೋಸ್ಬರ್ಟ್.

ಈಗ ಬಹುಮಾನವೆಂದು ಅವನು ಕೈ ಚಾಚಿದ. ಕೌಂಟನ ಕಣ್ಣು ತುಂಬಿ ಬಂತು. "ಮೂವತ್ತು ವರ್ಷ ಮರೆಯದ ಕೆನ್ನೆ! ಇನ್ನು ಮಕ್ಕಳನ್ನು ಯಾಕೆ ಅಳಿಸಬೇಕು? ಬರೀರಯ್ಯಾ: ಪ್ರತಿ ವರ್ಷ ಇದೇ ದಿನ, ಇದೇ ಕಲ್ಲಿನ ಹತ್ತಿರ, ಇವನಿಗೇ ಒಂದು ಏಟು, ಒಂದು ಜೇನುರೊಟ್ಟಿ. ಇವನು ಬದುಕಿರೋವರೆಗೆ!"

ಗೋಸ್ಬರ್ಟ್ ಹೆದರಿದನೇ? ಸಿಂಹದ ಹಾಗೆ ನಿಂತು ನಕ್ಕ. ಇದು ಕಣ್ಣಾರೆ ಕಂಡ ಸತ್ಯ—

ಹೆಂಡದಂಗಡಿಯಲ್ಲಿ ನಾನು ಇಷ್ಟು ಹೇಳಿ ಎದೆ ತಟ್ಟಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಎಮೆಲಿನಾ ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟು.

"ಸಿಂಹ ಅಂತೆ! ನನ್ನ ಚೀಸಿನ ಮೇಲೆ ಹೇರಿದ್ದ ಕಲ್ಲು ಎಲ್ಲಿ ಹೋಯ್ತು ಅಂತ್ಲೂ ಹೇಳಿ ಇವರಿಗೆ. ಚೀಸೆಲ್ಲ ಗಂಜಿಯಾಗಿ ಹರೀತಿದೆ ಮನೇಲಿ!"

ಎಲ್ಲರೂ ನನ್ನ ಊದಿದ ಎಡಗೆನ್ನೆಯನ್ನು ನೋಡಿದರು.

ಸರಿ, ಒಪ್ಪಿಕೊಂಡೆ. ಗಂಟೆ ಮೊಳಗಲಿಲ್ಲ, ಹುಂಜ ಮೊಟ್ಟೆ ಇಡಲಿಲ್ಲ, ನಾನು ನಗಲೂ ಇಲ್ಲ. ಗೊಳೋ ಎಂದು ಅತ್ತೆ. ಮದುವೆಯಾದ ವರ್ಷ ಚೀಸು ಅದುಮಲು ಚಪ್ಪಟೆ ಕಲ್ಲು ಬೇಕೆಂದಳು, ಕಾಡಿನಲ್ಲಿ ಅದಕ್ಕಿಂತ ಚಂದದ ಕಲ್ಲು ಇರಲಿಲ್ಲ. ನಿನ್ನೆ ಸಂಜೆ ಹೊತ್ತುಕೊಂಡು ಹೋಗಿ, ಕಿತ್ತ ಗುಣಿಯಲ್ಲೇ ಕೂರಿಸಿ ಬಂದೆ. ಒಂದು ಬೆರಳೂ ಆಚೀಚೆ ಮಾಡಿಲ್ಲ. ಆ ಜಾಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ ಹಂದಿಗಳು ಈಗ ಅಲ್ಲೇ ಮೇಯುತ್ತಿವೆ, ಹೋಗಿ ನೋಡಿ.

ದೊರೆಗೆ ಮಾತ್ರ ಹೇಳಬೇಡಿ. ರೊಟ್ಟಿ ಹಿಡಿಯಲು ಕೈ ಬೇಕಲ್ಲ. ಈ ಸಲದ್ದರಲ್ಲಿ ಅಕ್ರೋಟು ಇರಲಿಲ್ಲ. ಬರುವ ವರ್ಷ ಇದ್ದರೂ ಇರಬಹುದು.