ರಾಚಪ್ಪ ಕಾಕಾನ ಡಬ್ಬಿ ಹಿಮ್ಮೇಳ

ರಾಚಪ್ಪ ಕಾಕಾನಿಗೆ ಹಿಮ್ಮೇಳ ಇರಲಿಲ್ಲ.

ಗೀಗೀ ಪದ ಹಾಡುವವನಿಗೆ ಹಿಮ್ಮೇಳ ಇಲ್ಲವೆಂದರೆ ಸೈಕಲ್ಲಿಗೆ ಹಿಂದಿನ ಗಾಲಿ ಇಲ್ಲದ ಹಾಗೆ. ಮುಖ್ಯ ಹಾಡುಗಾರ ಒಂದು ಸಾಲು ಹಾಡಿ ಬಿಡುತ್ತಾನೆ. ಹಿಂದೆ ನಿಂತ ಇಬ್ಬರು ‘ಗೀಯ ಗಾ ಗಾ ಗೀಯ ಗಾ’ ಎಂದು ಅದನ್ನು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಾನೆ. ಕಾಕಾನ ಹಿಂದೆ ನಿಲ್ಲುತ್ತಿದ್ದವರಲ್ಲಿ ಈರಪ್ಪ ತೀರಿಹೋಗಿದ್ದ. ಸಿದ್ರಾಮ ಸೊಲ್ಲಾಪುರದ ಮಗಳ ಮನೆ ಸೇರಿದ್ದ. ಹಳೇ ಬಾಗಲಕೋಟೆಯ ಅವರ ಓಣಿ ಅಣೆಕಟ್ಟಿನ ಹಿನ್ನೀರಿನ ಕೆಳಗಿತ್ತು. ಓಣಿಯ ಮಂದಿ ನವನಗರದ ಸೆಕ್ಟರುಗಳಿಗೆ ಹಂಚಿಹೋಗಿದ್ದರು. ಕಾಕಾನಿಗೆ ಸಿಕ್ಕ ಸೆಕ್ಟರಿನಲ್ಲಿ ಅವನ ಹಾಡು ಕೇಳಿದವರು ಯಾರೂ ಇರಲಿಲ್ಲ.

ಹೆಂಡತಿಯೂ ಇರಲಿಲ್ಲ. ಅದಕ್ಕೂ ಹಾಡೇ ಕಾರಣ. ಗೀಗೀಯಲ್ಲಿ ಎರಡು ಪಕ್ಷ: ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಎದುರು ಹಾಡುತ್ತಾರೆ. ಕಾಕಾ ಹರದೇಶಿ. ಹಗಲು ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿ, ರಾತ್ರಿ ಊರೂರಿನ ಕಟ್ಟೆಯ ಮೇಲೆ ಹೆಣ್ಣಿಗಿಂತ ಗಂಡೇ ಮೇಲು ಎಂದು ಒದರಿದವನಿಗೆ ಯಾವ ಊರಿನವರೂ ಹೆಣ್ಣು ಕೊಡಲಿಲ್ಲ.

ನಾನು ಅವನ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ನೌಕರಿಯ ಪರೀಕ್ಷೆಗೆ ಓದುವವರಿಗಾಗಿ ಪಾಠ ಓದಿ, ರೆಕಾರ್ಡ್ ಮಾಡಿ ಕಳಿಸುವುದು ನನ್ನ ಕೆಲಸ. ಇಡೀ ದಿನ ಮಾತಾಡುತ್ತೇನೆ, ಮೈಕಿನ ಜೊತೆ. ಒಂದು ದಿನ ಕಾಕಾ ಬಾಗಿಲಲ್ಲಿ ನಿಂತು ನನ್ನ ಸಾಮಾನುಗಳನ್ನು ಕಣ್ಣಲ್ಲೇ ತೂಗಿದ.

“ದಾನವ್ವ, ಮನ್ಯಾಗ ಹಾಡು ತುಂಬಾಕ ಏನೇನು ಬೇಕು?”

“ಒಂದು ಮೈಕು, ಅದನ್ನ ನಿಲ್ಲಸಾಕ ಸ್ಟ್ಯಾಂಡು, ಕಿವಿಗೆ ಹೆಡ್‌ಫೋನು. ಲ್ಯಾಪ್‌ಟಾಪ್ ನಂದೈತಿ. ಇದರಕಿಂತ ಹೆಚ್ಚಿಂದು ಈಗ ಬ್ಯಾಡ. ಮೊದಲ ಗ್ವಾಡಿಗೆ ಹೊದಿಯೂ ಕೌದಿ ಕಟ್ಟರಿ, ಕಾಕಾ. ಖಾಲಿ ಖೋಲಿಯೊಳಗ ನಮ್ಮ ದನಿ ನಮಗ ತಿರಿಗಿ ಬರತೈತಿ.”

“ಅದು ಗೊತ್ತೈತಿ ಬಿಡವ್ವ. ದಿನಾ ಬರತೈತಿ.” ಕಾಕಾ ಒಳಗೆ ಬಂದು ಕೂತ. “ನಮ್ಮ ಗುರು ಕಲಿಸಿದ ಕಡೀ ಪದ ಒಂದೈತಿ. ನನ್ನ ಬಾಯಾಗ ಬಿಟ್ಟರ ಮತ್ತೆಲ್ಲೂ ಇಲ್ಲ. ಹಲ್ಲು ಉದರಾಕತ್ತಾವು, ಪೂರಾ ಉದರೂದ್ರೊಳಗ ತುಂಬಿ ಇಡಬೇಕು. ಆದರ ಹಿಮ್ಮೇಳ?”

“ಅದೂ ಆಗತೈತಿ. ಮೊದಲ ನೀವು ಹಾಡ್ರಿ. ಆಮ್ಯಾಲ ಅದನ್ನ ಕೇಳಕೋಂತ ಹಿಮ್ಮೇಳನೂ ನೀವ ಹಾಡ್ರಿ. ಎರಡೂ ನಾ ಕೂಡಸ್ತೀನಿ.”

ಕಾಕಾ ನನ್ನನ್ನು ಅನುಮಾನದಿಂದ ನೋಡಿದ. “ನನ್ನ ಹಿಂದ ನಾನ ನಿಲ್ಲಬೇಕಾ? ಅದೇನು ಹಾಡೋ, ಹುಚ್ಚೋ?”

ಮೈಕು ಕೊಳ್ಳುವುದಿಲ್ಲ, ತಾನೇ ಮಾಡುತ್ತೇನೆ ಎಂದು ಎದ್ದು ಹೋದ. ನನ್ನ ಹಳೇ ಮೈಕನ್ನು ಮಾತ್ರ ‘ಮಾದರಿಗೆ’ ಎಂದು ಒಯ್ದ. ಅದು ಮತ್ತೆ ನನ್ನ ಕೈಗೆ ಬರಲಿಲ್ಲ.

ಪ್ರದರ್ಶನಕ್ಕೆ ಕಾಕಾ ಇಬ್ಬರನ್ನು ಕರೆದಿದ್ದ: ನನ್ನನ್ನು, ಮತ್ತು ಪಕ್ಕದ ಮನೆಯ ಕಸ್ತೂರವ್ವನನ್ನು. ಕಸ್ತೂರವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವವಳು. ಅವಳು ರೊಟ್ಟಿ ಬಡಿಯುವ ಸದ್ದಿಗೆ ನನ್ನ ಅರ್ಧ ಪಾಠಗಳು ಕೆಟ್ಟಿದ್ದವು. ಗೋಡೆಗೆಲ್ಲ ಕೌದಿ ತೂಗುಬಿದ್ದಿದ್ದವು. ನಡುವೆ ಸ್ಟೂಲಿನ ಮೇಲೆ ಒಂದು ಎಣ್ಣೆ ಡಬ್ಬಿ. ಡಬ್ಬಿಯ ಹೊಟ್ಟೆಯಲ್ಲಿ ಟೇಪ್ ರೆಕಾರ್ಡರು, ನನ್ನ ಮೈಕು, ಗಾಜು ಒಡೆದ ಮೊಬೈಲು, ಟೆಲಿಫೋನಿನ ಕರುಳು. ಬಾಯಿಗೆ ಕುಕ್ಕರಿನ ಮುಚ್ಚಳ. ಪಕ್ಕಕ್ಕೆ ಒಂದು ತಂತಿಯ ಕೈ, ಕೈಯಲ್ಲಿ ಗೀಗೀಯವರು ಬಾರಿಸುವ ದಪ್ಪು.

“ಅಯ್ಯ! ಅದು ನನ್ನ ಕುಕ್ಕರಿನ ಮುಚ್ಚಳ!” ಎಂದಳು ಕಸ್ತೂರವ್ವ.

“ಕಲಾ ಸೇವಾಕ್ಕ ಹೋಗೈತಿ, ಸುಮ್ಕಿರಬೇ.”

“ನಿನ್ನ ಕಲಾಕ್ಕ ನಾ ಬ್ಯಾಳಿ ಕುದಿಸೂದು ಹ್ಯಾಂಗೋ?”

ಕಾಕಾ ಗಂಟಲು ಸರಿಮಾಡಿಕೊಂಡ. ತನ್ನ ಮೇಳದ ಏಳು ಕ್ಯಾಸೆಟ್ಟುಗಳನ್ನು ಡಬ್ಬಿಗೆ ಕೇಳಿಸಿದ್ದೇನೆ, ಈರಪ್ಪ ಸಿದ್ರಾಮರ ದನಿ ಅದಕ್ಕೆ ಬಾಯಿಪಾಠ ಆಗಿದೆ ಎಂದು ಹೇಳಿ, ಗಣಪತಿಯ ಸ್ತುತಿ ಎತ್ತಿದ. ಸಾಲು ಮುಗಿಯುತ್ತಲೇ ತಂತಿಯ ಕೈ ದಪ್ಪು ಬಡಿಯಿತು, ಮುಚ್ಚಳ ನಡುಗಿತು: ‘ಗೀಯ ಗಾ ಗಾ ಗೀಯ ಗಾ!’

ದನಿ ಹೆಂಗಸಿನದು!

“ಈರಪ್ಪ ಯಾವಾಗ ಹೆಂಗಸಾದ?” ಎಂದಳು ಕಸ್ತೂರವ್ವ.

ಕಾಕಾನ ತಪ್ಪು ಅಲ್ಲಿತ್ತು. ಆ ಕ್ಯಾಸೆಟ್ಟುಗಳೆಲ್ಲ ಸವಾಲ್-ಜವಾಬಿನವು, ಎರಡೂ ಪಕ್ಷ ಎದುರುಬದುರು ನಿಂತು ಹಾಡಿದ್ದು. ಅವನ್ನು ರೆಕಾರ್ಡ್ ಮಾಡಿದವನು ಟೇಪ್ ರೆಕಾರ್ಡರನ್ನು ಕಾಕಾನ ಮುಂದೆ ಇಟ್ಟಿದ್ದ. ಹಿಂದಿದ್ದ ಈರಪ್ಪ ಸಿದ್ರಾಮರ ದನಿ ಕಾಕಾನ ಬೆನ್ನಿನಲ್ಲೇ ಅಡಗಿತ್ತು. ಚೆನ್ನಾಗಿ ಕೇಳುತ್ತಿದ್ದದ್ದು ಎದುರಿನ ನಾಗೇಶಿ ಹೆಂಗಸರು. ಡಬ್ಬಿ ಹಿಮ್ಮೇಳ ಕಲಿತಿರಲಿಲ್ಲ. ಎದುರಾಳಿಯನ್ನು ಕಲಿತಿತ್ತು.

ಮರುದಿನ ಬೆಳಗ್ಗೆ ಕಸ್ತೂರವ್ವ ರೊಟ್ಟಿಗೆ ಕೂತಳು. ತಟಪಟ, ತಟಪಟ. ಗೋಡೆಯಾಚೆ ಡಬ್ಬಿ ಅದನ್ನು ದಪ್ಪಿನ ಸದ್ದು ಎಂದುಕೊಂಡು ಎದ್ದಿತು: ‘ಗೀಯ ಗಾ ಗಾ ಗೀಯ ಗಾ!’ ಅವಳು ನಿಲ್ಲಿಸಿದರೆ ನಿಲ್ಲುತ್ತಿತ್ತು, ಬಡಿದರೆ ಹಾಡುತ್ತಿತ್ತು. ಅವಳಿಗೆ ಉಮೇದು ಬಂತು! ಆ ದಿನ ಖಾನಾವಳಿಗೆ ಹೋದ ರೊಟ್ಟಿಗಳು ಹಾಳೆಯಷ್ಟು ತೆಳ್ಳಗಿದ್ದವಂತೆ. ನನ್ನ ಆ ದಿನದ ಪಾಠದಲ್ಲಿ ಸಂವಿಧಾನದ ಮೂಲಭೂತ ಹಕ್ಕುಗಳಿಗೆಲ್ಲ ಹಿಮ್ಮೇಳ ಬಿದ್ದಿತ್ತು. ಅದನ್ನು ಕೇಳಿದವರೊಬ್ಬರು, ಈ ಪಾಠ ಮಾತ್ರ ನೆನಪಿನಲ್ಲಿ ಉಳಿಯಿತು ಎಂದು ಬರೆದರು.

“ಕಾಕಾ, ಬಂದ್ ಮಾಡ್ರಿ ಅದನ್ನ!”

“ಬಂದ್ ಮಾಡೂ ಗುಂಡಿ ಇಟ್ಟಿಲ್ಲವ್ವ. ಹಿಮ್ಮೇಳದವರಿಗೆ ಎಲ್ಲರೆ ಗುಂಡಿ ಇರತೈತೇನು?”

ವೈರು ಕಿತ್ತರೂ ಪ್ರಯೋಜನವಿರಲಿಲ್ಲ. ಮೊಬೈಲಿನ ಬ್ಯಾಟರಿ ಇತ್ತಲ್ಲ!

ಆಮೇಲೆ ಅದು ಮಾತಿಗೆ ಮಾತು ಕೊಡತೊಡಗಿತು. ನಮ್ಮ ಸಾಲಿಗೆ ನಲ್ಲಿ ನೀರು ಬಂದರೆ ಕಾಕಾ ಬಾಗಿಲಲ್ಲಿ ನಿಂತು “ನೀರು ಬಂತ್ರೋ!” ಎಂದು ಕೂಗುವ ರೂಢಿ. ಅಂದು ಕೂಗಿದ ಕೂಡಲೇ ಒಳಗಿನಿಂದ ದಪ್ಪು ಗುಡುಗಿತು:

‘ನೀರು ಬಂತಂತ ಕೂಗಬ್ಯಾಡೋ, ಸುಳ್ಳಿನ ಸರದಾರ,
ಗಾಳಿ ಬಂತೋ ನಲ್ಲಿಗೆ, ಬರೇ ಗಾಳಿಯ ಕಾರಭಾರ!
ಗೀಯ ಗಾ ಗಾ ಗೀಯ ಗಾ!’

ಹೆಂಗಸರು ಡಬ್ಬಿಯನ್ನು ನಂಬಿದರು, ಕೊಡ ಹೊರಗೆ ತರಲಿಲ್ಲ. ನೀರು ಬಂದು ಹೋಯಿತು. ಕೊಡ ಹಿಡಿದು ಜಗಳಕ್ಕೆ ಬಂದವರಿಗೆ ಕಾಕಾ, “ಅದು ಮಷೀನು, ಅದರ ಮಾತು ಯಾಕ ಕೇಳ್ತೀರಿ? ನನ್ನ ಮಾತು ಕೇಳ್ರಿ!” ಎಂದ. ಡಬ್ಬಿ ಕೂಡಲೇ, ಗಂಡಸಿನ ಮಾತು ಕೇಳಿ ಕೆಟ್ಟ ಹೆಂಗಸರ ಪಟ್ಟಿ ಶುರುಮಾಡಿತು. ಪುರಾಣದಿಂದ ಹಿಡಿದು ನಮ್ಮ ಸೆಕ್ಟರಿನವರೆಗೆ! ಜಗಳಕ್ಕೆ ಬಂದವರು ಕೊಡ ಬೋರಲು ಹಾಕಿ ಅದರ ಮೇಲೆ ಕೂತು ಪೂರ್ತಿ ಕೇಳಿದರು. ಕಸ್ತೂರವ್ವ ಅದಕ್ಕೆ ‘ಡಬ್ಬೆವ್ವ’ ಎಂದು ಹೆಸರಿಟ್ಟಳು, ಕುಕ್ಕರಿನ ಮುಚ್ಚಳ ವಾಪಸು ಕೇಳುವುದನ್ನು ಬಿಟ್ಟಳು.

ಕಾಕಾ ನನ್ನ ಹತ್ತಿರ ದೂರು ಹೇಳುತ್ತಿದ್ದ. “ಚಾ ಚಲೋ ಆಗೈತಿ ಅಂದರ, ಹಾಲು ಕಡಿಮಿ ಅಂತೈತಿ. ಮಲಗತೀನಿ ಅಂದರ, ಗಂಡಸು ಹುಟ್ಟಿದ್ದ ಮಲಗಾಕ ಅಂತ ಪದ ಕಟ್ಟತೈತಿ! ಕುಂದರಾಕ ಬಿಡವಲ್ದು, ನಿಂದರಾಕ ಬಿಡವಲ್ದು!”

“ಮತ್ತ ಬಿಚ್ಚಿ ಹಾಕ್ರಿ.”

“ನೋಡೂಣು,” ಎನ್ನುತ್ತಿದ್ದ.

ನೋಡುತ್ತಿದ್ದದ್ದು ನಾನು. ಕಾಕಾ ಎರಡು ಕಪ್ಪು ಚಹಾ ಸೋಸುತ್ತಿದ್ದ; ಒಂದನ್ನು ಡಬ್ಬಿಯ ಮುಂದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಅದನ್ನೂ ತಾನೇ ಕುಡಿಯುತ್ತಿದ್ದ. ಸಂಜೆ ಬೇಕಂತಲೇ ಏನಾದರೂ ಅಡ್ಡಮಾತು ಎತ್ತಿ ಡಬ್ಬಿಯನ್ನು ಕೆಣಕುತ್ತಿದ್ದ. ಅದು ಹಾಡುತ್ತಿತ್ತು, ಇವನು ತೊಡೆ ತಟ್ಟಿ ಜವಾಬು ಕೊಡುತ್ತಿದ್ದ. ಗುರುವಿನ ಪದ ತುಂಬುವ ಮಾತನ್ನೇ ಎತ್ತುತ್ತಿರಲಿಲ್ಲ. ನಾನು ಎತ್ತಿದರೆ, “ಅವಸರ ಏನೈತಿ?” ಎನ್ನುತ್ತಿದ್ದ. ಅಷ್ಟರಲ್ಲಿ ಇನ್ನೆರಡು ಹಲ್ಲು ಬಿದ್ದಿದ್ದವು.

ಅದು ನನಗೆ ಸಂಬಂಧವಿಲ್ಲದ ವಿಷಯ ಎಂದುಕೊಂಡು ನಾನು ನನ್ನ ಮೈಕಿನ ಮುಂದೆ ಕೂರುತ್ತಿದ್ದೆ. ಸಂಬಂಧವಿರಲೂ ಇಲ್ಲ. ಆದರೆ ಅವರ ಜಗಳ ಮುಗಿಯುವ ತನಕ ರೆಕಾರ್ಡ್ ಗುಂಡಿ ಒತ್ತುತ್ತಿರಲಿಲ್ಲ.

ಕೆಟ್ಟದ್ದು ಒಂದು ರವಿವಾರ ಮಧ್ಯಾಹ್ನ. ಕಸ್ತೂರವ್ವನಿಗೆ ರಜೆ, ಸೆಕ್ಟರೆಲ್ಲ ಶಾಂತ. ಇಂದು ಪದ ತುಂಬಿಯೇ ಬಿಡೋಣ ಎಂದು ನಾನೇ ಹಟ ಹಿಡಿದೆ. ಲ್ಯಾಪ್‌ಟಾಪ್ ತಂದು ಡಬ್ಬಿಗೆ ಸೇರಿಸಿದೆ, ಹೆಡ್‌ಫೋನ್ ಹಾಕಿಕೊಂಡೆ. ಕಸ್ತೂರವ್ವ ನೆರೆಹೊರೆಯ ಹೆಂಗಸರನ್ನು ಕರೆತಂದು ಕೌದಿಗಳ ಕೆಳಗೆ ಕೂರಿಸಿದಳು. ಮುಳುಗಿದ ಊರಿನಿಂದ ಬಂದ ಮೇಲೆ ಕಾಕಾನಿಗೆ ಮೊದಲ ಬಾರಿ ಸಭೆ ಸಿಕ್ಕಿತ್ತು. ಅವನು ತಲೆಗೆ ಪಟಕಾ ಸುತ್ತಿಕೊಂಡು ಬಂದ.

ಪದ ಚೆನ್ನಾಗಿಯೇ ಹೊರಟಿತು. ಡಬ್ಬಿಯೂ ಅಂದು ಮರ್ಯಾದೆಯಿಂದ ‘ಗೀಯ ಗಾ’ ಎಂದಿತು. ಒಂದು ನುಡಿಯ ನಡುವೆ ಕಾಕಾನಿಗೆ ಉಸಿರು ಸಾಲದೆ ಕೆಮ್ಮು ಬಂತು. ಅಷ್ಟೇ ಸಾಕಾಯಿತು:

‘ಹಲ್ಲಿಲ್ಲ ಬಾಯಾಗ, ಉಸಿರಿಲ್ಲ ಎದಿಯಾಗ, ಪಟಕಾ ನೋಡ ತಲಿ ಮ್ಯಾಗ,
ಮುದುಕಗ ಯಾಕ ಮೇಳದ ಚಿಂತಿ, ಹೋಗಿ ಮಲಗೋ ಮೂಲ್ಯಾಗ!’

ಹೆಂಗಸರು ನಕ್ಕರು. ಕಸ್ತೂರವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಾಕಾ ಕೆಂಪಾದ.

“ದಾನವ್ವ, ಮಷೀನು ನಡದೈತಿಲ್ಲೋ?”

“ನಡದೈತಿ. ಆದರ ಕಾಕಾ, ಬಿಡ್ರಿ, ಡಬ್ಬಿ ಅದು...”

“ಡಬ್ಬಿ ಅಲ್ಲವ್ವ ಅದು. ನಾಗೇಶಿ!”

ಪದದ ಕೊನೆಯಲ್ಲಿ ಗುರು ಕಟ್ಟಿದ ಸವಾಲು ಇತ್ತು. ಅದನ್ನು ಕಾಕಾ ನಿಂತು, ತನ್ನ ದಪ್ಪು ಎತ್ತಿ, ಡಬ್ಬಿಯ ಮುಖಕ್ಕೇ ಹಾಡಿದ:

‘ಮೇಳ ಮುಗದು ಮಂದಿ ಎದ್ದು ಮನಿಗಿ ಹೋದ ಮ್ಯಾಲ,
ಹಾಡಿದ ಹಾಡು ಯಾರ ಮನ್ಯಾಗ ಮಲಗತೈತಿ ಹೇಳ?’

ಮುಚ್ಚಳ ಒಮ್ಮೆ ಕುಣಿಯಿತು. ಒಳಗೆ ಟೆಲಿಫೋನಿನ ಕರುಳು ಟಕಟಕ ಎಂದಿತು. ಯಾವುದೋ ನಂಬರು ಹುಡುಕುತ್ತಿರುವ ಹಾಗೆ, ಸಿಗದ ಹಾಗೆ. ‘ಗೀ...’ ಎಂದಿತು. ‘ಗಾ’ ಬರಲಿಲ್ಲ.

“ಗೆದ್ದೆ!” ಎಂದು ಕಾಕಾ ಕೂಗಿದ.

ಸವಾಲ್-ಜವಾಬಿನಲ್ಲಿ ಕಾಕಾನ ಸೀಮೆಯ ಎರಡೂ ಪಕ್ಷಗಳಿಗೆ ಒಂದು ಕಟ್ಟಳೆ. ಸೋತವರು ತಮ್ಮ ದಪ್ಪನ್ನು ಗೆದ್ದವರ ಕಾಲ ಬಳಿ ಬೋರಲು ಇಟ್ಟು, ಬಾಯಿ ಮುಚ್ಚಬೇಕು. ಏಳು ಕ್ಯಾಸೆಟ್ಟುಗಳೂ ಹಾಗೇ ಮುಗಿಯುತ್ತಿದ್ದವು. ಕಾಕಾ ಗೆದ್ದ ಮೇಳಗಳನ್ನಷ್ಟೇ ತುಂಬಿಸಿ ಇಟ್ಟುಕೊಂಡಿದ್ದ. ಡಬ್ಬಿಗೆ ಗೊತ್ತಿದ್ದದ್ದು ಅದೊಂದೇ ಕೊನೆ. ತಂತಿಯ ಕೈ ಕಿರ್ರೆಂದು ಉದ್ದವಾಯಿತು, ಬಾಗಿತು, ಕಾಕಾನ ಹೆಬ್ಬೆರಳಿನ ಹತ್ತಿರ ದಪ್ಪನ್ನು ಬೋರಲು ಇಟ್ಟಿತು. ಕುಕ್ಕರಿನ ಮುಚ್ಚಳ ಎರಡು ಹೋಳಾಯಿತು. ಸುಟ್ಟ ವಾಸನೆ ಬಂತು. ಹೆಂಗಸರು ಎದ್ದು ಮನೆಗೆ ಹೋದರು.

ತುಂಬಿದ್ದನ್ನು ಹಾಕಿ ಕೇಳಿದೆವು. ಡಬ್ಬಿ ಬಾಯಿ ಮುಚ್ಚುವ ಕೆಲಸವನ್ನು ಪೂರ್ತಿಯಾಗಿ ಮಾಡಿತ್ತು. ಹಿಂದೆ ಹಾಡಿದ್ದನ್ನೂ ಬಿಡದೆ ತನ್ನ ದನಿಯನ್ನೆಲ್ಲ ವಾಪಸು ತೆಗೆದುಕೊಂಡಿತ್ತು. ಕಾಕಾನ ಸಾಲು, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲದರಲ್ಲಿ ಕಾಕಾನ ಏದುಸಿರು, ಮತ್ತೆ ಸಾಲು. ಡಬ್ಬಿಯ ಹೊಟ್ಟೆಯಿಂದ ಕ್ಯಾಸೆಟ್ಟುಗಳನ್ನು ಎಳೆದು ಹಾಕಿ ನೋಡಿದೆವು. ಅಲ್ಲೂ ನಾಗೇಶಿಯವರು ಇರಲಿಲ್ಲ. ಕಾಕಾ ಖಾಲಿ ಜಾಗಕ್ಕೆ ಸವಾಲು ಹಾಕಿ, ಖಾಲಿ ಜಾಗವನ್ನು ಸೋಲಿಸಿ, ಗೆದ್ದೆ ಎಂದು ಕೂಗುತ್ತಿದ್ದ.

“ಸೋತಿದ್ದರ ಆಗತಿತ್ತಲ್ಲ, ಕಾಕಾ?” ಎಂದೆ.

“ಸೋಲೂದು ನಮ್ಮ ಗುರು ಕಲಿಸಲಿಲ್ಲವ್ವ.”

“ಹೋಗಲಿ, ಆ ಸವಾಲಿಗೆ ಉತ್ತರ ಏನು?”

“ನನಗೇನು ಗೊತ್ತು? ಕೇಳಿದಾಗೊಮ್ಮೆ ಎದುರಿನವರು ಸುಮ್ಮನಾಗತಿದ್ರು. ಅಷ್ಟಕ್ಕ ಮುಗೀತಿತ್ತು.”

ಕಾಕಾ ಬಿಚ್ಚಿ ಜೋಡಿಸಿದ, ಮತ್ತೆ ಬಿಚ್ಚಿದ. ಡಬ್ಬಿ ಮಾತಾಡಲಿಲ್ಲ. ಕಸ್ತೂರವ್ವ ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿ ಗೋಡೆಯ ಕಡೆ ಕಿವಿ ಕೊಡುತ್ತಾಳೆ, ಆಮೇಲೆ ಬಡಿಯುತ್ತಾಳೆ. ರೊಟ್ಟಿ ಮತ್ತೆ ದಪ್ಪ ಆಗಿವೆ.

ನಿನ್ನೆ ಸಂಜೆ ಕಾಕಾ ಬಾಗಿಲಲ್ಲಿ ನಿಂತು “ನೀರು ಬಂತ್ರೋ!” ಎಂದು ಕೂಗಿದ. ನಲ್ಲಿಯಲ್ಲಿ ನೀರಿರಲಿಲ್ಲ. ಅವನು ನಲ್ಲಿಯ ಕಡೆ ನೋಡುತ್ತಲೂ ಇರಲಿಲ್ಲ. ಒಳಗೆ, ಸ್ಟೂಲಿನ ಕಡೆ ತಿರುಗಿ ನಿಂತಿದ್ದ.

“ಬಂದಿಲ್ಲ, ಕಾಕಾ!” ಎಂದು ನಾನು ನನ್ನ ಖೋಲಿಯಿಂದ ಕೂಗಿದೆ.

ಕಾಕಾ ಅಲ್ಲಿಂದಲೇ ಹೇಳಿದ: “ನಿನಗ ತಾಳ ಇಲ್ಲವ್ವ.”

ಇಲ್ಲ, ನಿಜ. ಹೋದದ್ದು ಇಷ್ಟು: ನನ್ನದೊಂದು ಮೈಕು, ಕಸ್ತೂರವ್ವನ ಒಂದು ಕುಕ್ಕರ್ ಮುಚ್ಚಳ, ಏಳು ಕ್ಯಾಸೆಟ್ಟುಗಳಲ್ಲಿ ಅರ್ಧರ್ಧ, ಕಾಕಾನ ಎರಡು ಹಲ್ಲು, ಮತ್ತು ಎದುರು ಮಾತಾಡುವವರು ಒಬ್ಬರು.