ಎಲ್ಲಾ ಡಬ್ಬಿಗೂ ಒಂದೇ ಆವಾಜು

ನಮ್ಮ ಕಾಕಾ ಮನುಷ್ಯರನ್ನು ಬಹಳ ಸುಲಭವಾಗಿ ನಂಬುತ್ತಾರೆ. ಅವರು ನಂಬದೇ ಇರುವುದು ಟೇಪ್ ರೆಕಾರ್ಡರುಗಳನ್ನು! ರೇಡಿಯೋ, ಟಿವಿ, ಆಗಷ್ಟೇ ಮನೆಗೆ ಬಂದಿದ್ದ ಸಿಡಿ ಪ್ಲೇಯರು, ಇವೆಲ್ಲ ಸೇರಿ ತಮ್ಮ ವಿರುದ್ಧ ಏನೋ ಮಸಲತ್ತು ನಡೆಸಿವೆ ಎಂದೇ ಅವರ ಖಚಿತ ಅಭಿಪ್ರಾಯ. ಇಲ್ಲದಿದ್ದರೆ ಟೇಪಿನಲ್ಲಿ ಅರ್ಧ ತಿರುಗಿಸಿದರೂ ಪಿಸುಗುಡುವ ಹಾಡು, ಸಿಡಿಯಲ್ಲಿ ಗುಂಡಿ ಮುಟ್ಟಿದೊಡನೆ ಕಿಟಕಿಯ ಗಾಜು ನಡುಗಿಸುವುದೇಕೆ? ನೀವೇ ಹೇಳಿ ನೋಡೋಣ!

ನಾನು ಪಾರಿಶ್ವಾಡದಿಂದ ಬೆಳಗಾವಿ ಕಾಲೇಜಿಗೆ ಸೇರಿ, ಶಹಾಪುರದ ಕಾಕಾನ ಮನೆಯಲ್ಲಿ ಉಳಿದ ಹೊಸತರಲ್ಲೇ ನನ್ನ ನೇಲ್ ಪಾಲಿಶ್ ಖಾಲಿಯಾಯಿತು. ಉಗುರಿಗೆ ಹಚ್ಚಿ ಅಲ್ಲ. ಪ್ರತಿಯೊಂದು ಯಂತ್ರದ ಗುಂಡಿಯ ಪಕ್ಕ ಕಾಕಾ ಅದರಿಂದ ಕೆಂಪು ಚುಕ್ಕೆ ಇಡುತ್ತಿದ್ದರು. ಅಳತೆ ಎಲ್ಲಿಯದು ಅಂತೀರಿ? ಪಡಸಾಲೆಯ ಕುರ್ಚಿಯದಲ್ಲ, ಅಡುಗೆಮನೆಯದು! ಕಾಕು, ಅಂದರೆ ಕಾಕಾನ ಹೆಂಡತಿ, ಒಳಗೆ ರೊಟ್ಟಿ ಬಡಿಯುತ್ತಿರಬೇಕು, ಆ ಸಪ್ಪಳವನ್ನು ದಾಟಿ ಹಾಡು ಅವರಿಗೆ ಕೇಳಬೇಕು. ನಾನು ಬಾಗಿಲಲ್ಲಿ ನಿಂತು ಕಾಕುವಿನ "ಹೂಂ" ಅನ್ನು ಹೊರಗೆ ದಾಟಿಸಬೇಕು. ಹೂಂ ಬಂದಲ್ಲಿ ಚುಕ್ಕೆ. ಒಂದೊಂದು ಕ್ಯಾಸೆಟ್ಟನ್ನು ಒಬ್ಬೊಬ್ಬ ಪುಣ್ಯಾತ್ಮ ಒಂದೊಂದು ಆವಾಜಿನಲ್ಲಿ ತುಂಬಿಸಿರುತ್ತಾನಲ್ಲ, ಹಾಗಾಗಿ ಕ್ಯಾಸೆಟ್ಟಿಗೊಂದು ಚುಕ್ಕೆ. ಕೊನೆಗೆ ನಮ್ಮ ಟೇಪ್ ರೆಕಾರ್ಡರು ದಡಾರ ಎದ್ದ ಕೂಸಿನಂತೆ ಕಾಣುತ್ತಿತ್ತು.

ಟಿವಿಯದಂತೂ ಬೇರೆಯೇ ಕಥೆ. ಧಾರಾವಾಹಿಯಲ್ಲಿ ಸೊಸೆ ಮೆಲ್ಲಗೆ ಅಳುತ್ತಿರುತ್ತಾಳೆ, ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದು ಕಿರುಚುತ್ತದೆ. ಯಾವ ಗಳಿಗೆಯಲ್ಲಿ ಕಿರುಚೀತೋ ಎಂದು ಕಾಕಾ ರಿಮೋಟಿನ ಮೇಲೆ ಬೆರಳಿಟ್ಟು, ಉಸಿರು ಹಿಡಿದು ಕೂತಿರುತ್ತಿದ್ದರು. ಇದರಿಂದಾಗಿ ಅವರಿಗೆ ಯಾವ ಕಥೆಯೂ ತಿಳಿಯುತ್ತಿರಲಿಲ್ಲ. ಸೊಸೆ ಸತ್ತಳೋ ಇದ್ದಾಳೋ ಎಂದು ಆಮೇಲೆ ನನ್ನನ್ನು ಕೇಳುತ್ತಿದ್ದರು.

ಒಮ್ಮೆ ಕಾಕುವಿನೊಂದಿಗೆ ನಾವು ಖಾನಾಪುರಕ್ಕೆ ಹೋಗುತ್ತಿದ್ದ ಟೆಂಪೋದಲ್ಲಿ ಕ್ಯಾಸೆಟ್ ಬದಲಾದಾಗಲೆಲ್ಲ ಕಾಕಾ ಎದ್ದು ಹೋಗಿ, ಹಿಂದಿನದರಷ್ಟೇ ಆವಾಜು ಇಡಿರೆಂದು ಡ್ರೈವರನಿಗೆ ವಿನಂತಿ ಮಾಡಿಕೊಂಡರು. ಆ ಮನುಷ್ಯ ಬಹಳ ಹೊತ್ತು ತಾಳಿಕೊಂಡ.

"ಕಾಕಾ, ಹಂಗಾರ ಗಾಡಿ ನೀವ ಹೊಡೀರಿ. ನಾ ಬರೇ ಹಾಡ ಹಚ್ಚಕೋತ ಕುಂದರತೀನಿ."

ಕಾಕಾ ಒಂದು ಕ್ಷಣ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಈ ನಗು ನಿಂತದ್ದು ಒಂದು ಮಧ್ಯಾಹ್ನ. ಕಾಕಾ ಪೇಟೆಗೆ ಹೋಗಿದ್ದರು. ಕಾಕು ಒಲೆಯ ಮುಂದಿದ್ದರು. ಬಾಗಿಲಲ್ಲಿ ನಿಂತು ಕರೆದೆ, ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಕರೆದೆ, ಆಗಲೂ ಇಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ಬೆಕ್ಕಿನಂತೆ ಬರುತ್ತೀ ಎಂದು ನನ್ನನ್ನೇ ಬೈದರು. ಸಂಜೆ ಕಾಕಾನಿಗೆ ಹೇಳಿದೆ. ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ಮಗ್ಗದ ಸಪ್ಪಳದಾಗ ಹೋಗೇತಿ ಆಕೀ ಕಿವಿ. ಆಕೀ ಅವ್ವಗ ಖಾನಾಪುರದಾಗ ಸಾಯೂತನಕಾ ಕಿವುಡಿ ಅಂತನ ಕರದರು. ಡಾಕ್ಟರ್ ಕಡೆ ಹೋಗೂಣು ಅಂದರ ಈಕಿ ಅಳತಾಳ. ಯಾರ ಮುಂದೂ ಬಾಯಿ ಬಿಡಬ್ಯಾಡ ಯವ್ವಾ."

ಅಂದಿನಿಂದ ನನ್ನ ಜೀವಕ್ಕೂ ಸಮಾಧಾನವಿಲ್ಲದಾಯಿತು. ಬಾಜೂ ಮನೆಯವರು ಸ್ವಲ್ಪ ಮೆಲ್ಲಗೆ ಮಾತಾಡಿದರೂ ಸಾಕು, ಕಾಕುಗೆ ಕೇಳಿತೋ ಇಲ್ಲವೋ ಎಂದು ಅವರ ಮುಖ ನೋಡುತ್ತಿದ್ದೆ. ಯಂತ್ರಗಳನ್ನು ಬೈಯುವ ಕೆಲಸದಲ್ಲಿ ನಾನೂ ಕಾಕಾನ ಜೊತೆ ಸೇರಿಕೊಂಡೆ. ಹಾಳಾದ ಟೇಪು, ಹಾಳಾದ ಸಿಡಿ ಎಂದು ಇಬ್ಬರೂ ಶಪಿಸುವಾಗ ಕಾಕು ನಗುತ್ತಿದ್ದರು.

ಅಷ್ಟರಲ್ಲಿ ಬಂತು ನೋಡಿ ಆಮಂತ್ರಣ! ಕಾಕುವಿನ ವಚನ ಗಾಯನ ತಂಡ ಖಾನಾಪುರದಲ್ಲಿ ಹಾಡಬೇಕಂತೆ. ಅದೂ ಅವರ ತವರಿನಲ್ಲಿ, ಅವರ ತಾಯಿಯನ್ನು ಹಾಗೆ ಕರೆದ ಊರಿನಲ್ಲಿ. ಕಾಕು ಹಿಗ್ಗಿ ಶಹಾಪುರ ಸೀರೆ ತೆಗೆದಿಟ್ಟರು. ಹಾರ್ಮೋನಿಯಂ ಮಾಸ್ತರರು ಮಾತ್ರ ಜ್ವರ ಬಂದು ಮಲಗಿದರು. ಅವರು ಮೊದಲೇ ನುಡಿಸಿಟ್ಟದ್ದನ್ನು ಹಚ್ಚಿಕೊಂಡು ಹಾಡುವುದೆಂದಾಯಿತು. ಅದರಲ್ಲಿ ಕೆಲವು ಕ್ಯಾಸೆಟ್ಟಿನಲ್ಲಿ, ಕೊನೆಯದು ಸಿಡಿಯಲ್ಲಿ! ಹಾರ್ಮೋನಿಯಂ ಒಂದು ಸುತ್ತು ನುಡಿದು ನಿಂತೊಡನೆ ಕಾಕು ಮೊದಲ ಸಾಲು ಎತ್ತಬೇಕು, ಉಳಿದವರು ಹಿಂದೆ ಬರಬೇಕು. ಆ ನಿಲುಗಡೆ ಕಾಕುಗೆ ಕೇಳದಿದ್ದರೆ? ಕಾಕಾನಿಗೆ ಊಟ ಸೇರಲಿಲ್ಲ. ನನಗೂ ಅಷ್ಟೇ.

ಖಾನಾಪುರದಲ್ಲಿ ಕ್ಯಾಸೆಟ್ಟಿನ ಹಾಡುಗಳು ನಿರ್ವಿಘ್ನವಾಗಿ ಮುಗಿದವು. ಕಾಕುವಿನ ದನಿಗೆ ಸಭಾಂಗಣವೇ ತಲೆದೂಗಿತು. ಆಮೇಲೆ, ವೇದಿಕೆಯ ಮೂಲೆಯಲ್ಲಿ ಯಂತ್ರಗಳ ಮುಂದೆ ಕೂತಿದ್ದ ಕಾಕಾ ಸಿಡಿ ಹಚ್ಚಿದರು. ಮನೆಯಲ್ಲಿ ಗಾಜು ನಡುಗಿಸುತ್ತಿದ್ದ ಆ ದರಿದ್ರ ಯಂತ್ರ ಅಲ್ಲಿಯ ಸ್ಪೀಕರಿಗೆ ಜೋಡಿಸಿದ್ದೇ ತಡ, ಮೂಗಿಯಾಯಿತು! ಮುಂದಿನ ಸಾಲಿನಲ್ಲಿದ್ದ ನಮಗೆ ಸಣ್ಣಗೆ ಕೇಳುತ್ತಿತ್ತು, ಕಾಕುಗೆ ಇಲ್ಲ. ಕಾಕಾ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಆವಾಜು ಏರಲಿಲ್ಲ. ಹಾರ್ಮೋನಿಯಂ ಒಂದು ಸುತ್ತು ನುಡಿದು ನಿಂತಿತು. ಹಾರ್ಮೋನಿಯಂ ಶುರುವಾಗಲಿ ಎಂದು ಕಾಕು ಇನ್ನೂ ಶಾಂತವಾಗಿ ಕಾಯುತ್ತಿದ್ದರು. ತಂಡದವರು ಅವರ ಮುಖ ನೋಡತೊಡಗಿದರು. ಹಿಂದೆ ಯಾರೋ ಪಿಸುಗುಟ್ಟಿದರು.

ಕಾಕಾ ಎದ್ದರು. ವೇದಿಕೆಗೆ ಅಡ್ಡಲಾಗಿ ಓಡಿ, ಮೈಕು ಹಿಡಿದು, ಜನ್ಮದಲ್ಲಿ ಒಂದು ಸಾಲು ಹಾಡದ ಮನುಷ್ಯ ಆ ವಚನದ ಮೊದಲ ಸಾಲನ್ನು ಗಂಟಲು ಹರಿಯುವಂತೆ ಹಾಡಿದರು. ಶ್ರುತಿ ಎಲ್ಲಿ, ತಾಳ ಎಲ್ಲಿ! ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುದುಕನಿಗೆ ಹುಚ್ಚೇ ಇರಬೇಕು ಎಂದು ನನ್ನ ಪಕ್ಕದವರು ಹೇಳಿದರು. ಸಂಘಟಕರು ತೋಳು ಹಿಡಿದು ಕೆಳಗಿಳಿಸುವಷ್ಟರಲ್ಲಿ ಕಾಕು ಗಂಡನತ್ತ ಕಣ್ಣು ಕೆಕ್ಕರಿಸಿ, ಅದೇ ಸಾಲನ್ನು ಎತ್ತಿಕೊಂಡಿದ್ದರು. ತಂಡ ಹಿಂದೆಯೇ ಬಂತು.

ಕಾಕಾ ಬೆವರಿನಲ್ಲಿ ತೊಯ್ದು ಬಂದು ನನ್ನ ಹತ್ತಿರ ನಿಂತರು. ಕಣ್ಣು ಮಾತ್ರ ಕಾಕುವಿನ ಮೇಲೆಯೇ ಇತ್ತು.

"ಮಂದಿ ಎಲ್ಲಾ ನನ್ನ ನೋಡಿ ನಕ್ಕರು ಹೌದಿಲ್ಲೋ?" ಎಂದು ಮೆಲ್ಲಗೆ ಕೇಳಿದರು. "ಆಕೀ ಕಡೆ ಯಾರೂ ನೋಡಲಿಲ್ಲ?"

"ಯಾರೂ ನೋಡಲಿಲ್ಲ ಕಾಕಾ."

ಅವರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಹಾಡು ಮುಗಿಯುವವರೆಗೆ ಅಲ್ಲಿಯೇ ನಿಂತು ಕೇಳಿದರು.