ತಾಳೆ ನೋಡಿದ ಸೊಸೆ

ಬೀಜಗಣಿತ ಕಲಿಸಿದವರಿಗೆ ಒಂದು ರೋಗವಿರುತ್ತದೆ. ನಿವೃತ್ತಿಯಾದರೂ ಅದು ವಾಸಿಯಾಗುವುದಿಲ್ಲ. ಯಾರಾದರೂ ಉತ್ತರ ಹೇಳಿದರೆ ನಮಗೆ ಸಮಾಧಾನವಿಲ್ಲ, ಆ ಉತ್ತರ ಹೇಗೆ ಬಂತು ಎಂದು ತಿಳಿಯುವವರೆಗೆ ಅನುಮಾನವೇ. ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಹಂತಕ್ಕಿಷ್ಟು ಎಂದು ಅಂಕ ಕೊಟ್ಟೇ ನನ್ನ ಆಯುಷ್ಯ ಸವೆಯಿತು. ಉತ್ತರ ಸರಿಯಿದ್ದೂ ನಡುವೆ ಒಂದು ಹಂತ ಬಿಟ್ಟಿದ್ದರೆ ಅರ್ಧ ಅಂಕ ಹೋಗುತ್ತಿತ್ತು. 'ಆದ್ದರಿಂದ' ಎನ್ನುವುದಕ್ಕೆ ಇಡುವ ಮೂರು ಚುಕ್ಕೆ ಮರೆತವನಿಗೂ ಕ್ಷಮೆ ಇರಲಿಲ್ಲ. ಇನ್ನು, ಸಮಚಿಹ್ನೆಯ ಆ ಬದಿಯಿಂದ ಈ ಬದಿಗೆ ಬಂದ ಸಂಖ್ಯೆ ತನ್ನ ಚಿಹ್ನೆ ಬದಲಿಸದಿದ್ದರೆ ಕೆಂಪು ಪೆನ್ನಿನಿಂದ ಅದರ ಸುತ್ತ ಕಾಗದ ಹರಿಯುವಂತೆ ಗೆರೆ ಎಳೆಯುತ್ತಿದ್ದೆ. ಈ ಚಟ ಮನೆಯೊಳಗೂ ಬಂದಿದೆ. ಹೆಂಡತಿ "ಗ್ಯಾಸ್ ತೀರೇತಿ" ಎಂದರೆ "ಅದು ಹ್ಯಾಂಗ ಹೇಳ್ತಿ?" ಎಂದು ಕೇಳುತ್ತೇನೆ. "ಒಲಿ ಹತ್ತವಲ್ದು, ಅದಕ್ಕ ಹೇಳ್ತೀನಿ. ಚಹಾ ಬೇಕಂದ್ರ ಎದ್ದು ಹೋಗಿ ಸಿಲಿಂಡರ್ ತರ್ರಿ" ಎನ್ನುತ್ತಾಳೆ. ಹಂತ, ಕಾರಣ, ತೀರ್ಮಾನ ಎಲ್ಲ ಇರುವುದರಿಂದ ಪೂರ್ತಿ ಅಂಕ ಕೊಟ್ಟು ಏಳುತ್ತೇನೆ.

ಇಂಥವನ ಮನೆಗೆ ಸುರೇಖಾ ಸೊಸೆಯಾಗಿ ಬಂದಳು. ಕಾಗವಾಡದ ಕಡೆಯವಳು, ತಂದೆಗೆ ಸ್ವಲ್ಪ ದ್ರಾಕ್ಷಿ ತೋಟ ಇದೆ. ಏಳನೆಯ ತರಗತಿಯವರೆಗೆ ಮರಾಠಿ ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದ ಕಾರಣ, ಮಾತು ಕನ್ನಡದಲ್ಲಿ, ಮಗ್ಗಿ ಮರಾಠಿಯಲ್ಲಿ. ರೊಟ್ಟಿ ಬಡಿಯುವಾಗಲೂ ತುಟಿಯೊಳಗೇ 'ಬೇ ಏಕ್ ಬೇ, ಬೇ ದುಣೆ ಚಾರ್' ನಡೆದಿರುತ್ತದೆ. ಮದುವೆ, ಮಗು, ಮನೆ ಎನ್ನುತ್ತ ವರ್ಷಗಳು ಸರಿದವು. ಸರ್ಕಾರಿ ನೌಕರಿಯ ಪರೀಕ್ಷೆಗೆ ಇರುವ ವಯಸ್ಸಿನ ಮಿತಿ ಬಾಗಿಲಿಗೇ ಬಂದು ನಿಂತಿತು. ಒಂದು ಸಂಜೆ ನನ್ನ ಮುಂದೆ ಬಂದು, "ಮಾಮಾ, ನನಗ ಇದೊಂದ ಸಲ ಐತ್ರಿ. ಮುಂದಿನ ಸಲಕ್ಕ ನನ್ನ ವಯಸ್ಸು ಮೀರಿರ್ತದ. ಬೀಜಗಣಿತ ನೀವ ಹೇಳಿಕೊಡ್ರಿ" ಎಂದಳು. ನಿವೃತ್ತ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೆ ಇಲ್ಲ. ನನ್ನ ಕಣ್ಣು ಒದ್ದೆಯಾಯಿತು. ಅದು ಕಾಣಬಾರದೆಂದು ಸೀಮೆಸುಣ್ಣ ಹುಡುಕುವ ನೆವದಲ್ಲಿ ಒಳಗೆ ಹೋದೆ.

ಮೈಮರೆತು ಕಲಿಸಿದೆ. ಆಕೆಯ ಅಕ್ಷರ ದುಂಡಗಾಯಿತು, ಸಮಚಿಹ್ನೆಗಳು ಒಂದರ ಕೆಳಗೊಂದು ಸಾಲಾಗಿ ನಿಂತವು. ಅಷ್ಟರಲ್ಲಿ ಆಕೆ ಸೇರಿದ್ದ ಕೋಚಿಂಗ್ ಕ್ಲಾಸಿನವರು ಒಂದು ಮಾದರಿ ಪರೀಕ್ಷೆ ಇಟ್ಟರು. ಸುರೇಖಾ ಸಪ್ಪೆ ಮುಖ ಮಾಡಿಕೊಂಡು ಬಂದಳು. ಮಾಡಿದ ಲೆಕ್ಕಗಳೆಲ್ಲ ಸರಿ, ಆದರೆ ಮುಟ್ಟದೇ ಉಳಿದವೇ ಹೆಚ್ಚು. ಅಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲವಂತೆ, ಹಂತಗಳನ್ನು ನೋಡುವವರೂ ಯಾರೂ ಇಲ್ಲವಂತೆ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಗೋಲವನ್ನು ಮಸಿಯಿಂದ ತುಂಬಿದರೆ ಮುಗಿಯಿತು. ನನ್ನ ಹೆಂಡತಿ ಸೊಸೆಗೆ ನೀರು ಕೊಟ್ಟು ನನ್ನ ಕಡೆ ತಿರುಗಿದಳು. "ಓಡಿ ಹೋಗಿ ಬಸ್ ಹಿಡಿಯೂ ಹುಡಿಗಿಗೆ ಚಪ್ಪಲಿ ಪಾಲಿಶ್ ಮಾಡಾಕ ಹಚ್ಚೀರಿ ನೀವು" ಎಂದಳು. ನಾನು ಪೇಪರ್ ಓದುವವನಂತೆ ಮುಖ ಮುಚ್ಚಿಕೊಂಡೆ.

ಮರುದಿನ ಸುರೇಖಾ ಹಿಂಜರಿಯುತ್ತಲೇ ಬಂದಳು. "ಸಿಟ್ಟಾಗಬ್ಯಾಡ್ರಿ ಮಾಮಾ, ಕ್ಲಾಸಿನ್ಯಾಗ ಬ್ಯಾರೆ ರೀತಿ ಹೇಳ್ಯಾರ" ಎಂದು ಒಂದು ಪ್ರಶ್ನೆ ತೋರಿಸಿದಳು. ಎರಡಂಕಿಯ ಒಂದು ಸಂಖ್ಯೆ, ಅಂಕಿಗಳ ಮೊತ್ತ ಒಂಬತ್ತು, ಅಂಕಿ ತಿರುವಿದರೆ ಸಂಖ್ಯೆ ಇಪ್ಪತ್ತೇಳು ಹೆಚ್ಚುತ್ತದೆ, ಸಂಖ್ಯೆ ಯಾವುದು? ಉತ್ತರಗಳು ಐವತ್ನಾಲ್ಕು, ನಲವತ್ತೇಳು, ಅರವತ್ಮೂರು, ಮೂವತ್ತಾರು. ನಾನು "ಹತ್ತರ ಸ್ಥಾನದ ಅಂಕಿ ಎಕ್ಸ್ ಆಗಿರಲಿ" ಎಂದು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಆಕೆ ಮುಗಿಸಿದ್ದಳು. "ನಲವತ್ತೇಳರ ಮೊತ್ತ ಹನ್ನೊಂದ್ರಿ, ಅದು ಹೋತು. ಐವತ್ನಾಲ್ಕು, ಅರವತ್ಮೂರು ತಿರುವಿದ್ರ ಕಡಿಮಿ ಆಗ್ತಾವ, ಅವೂ ಹೋದೂ. ಉಳದದ್ದು ಮೂವತ್ತಾರು. ತಿರುವಿದ್ರ ಅರವತ್ಮೂರು. ಇಪ್ಪತ್ತೇಳ ಹೆಚ್ಚಾತಲ್ರಿ?"

"ಇದು ಗಣಿತ ಅಲ್ಲವ್ವಾ, ಪೊಲೀಸರು ಕಳ್ಳನ್ನ ಹಿಡಿದಂಗಾತು" ಎಂದೆ. "ಕಳ್ಳ ಸಿಕ್ಕನಲ್ಲ, ಮತ್ತೇನ್ ಬೇಕ್ರಿ?" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು.

ಅಂದು ಊಟ ರುಚಿಸಲಿಲ್ಲ. ಕೈತೊಳೆಯುವಾಗ ತಟ್ಟನೆ ಹೊಳೆಯಿತು: ಸುರೇಖಾ ಮಾಡಿದ್ದು ತಾಳೆಯಲ್ಲವೇ! ಬಂದ ಉತ್ತರವನ್ನು ಮತ್ತೆ ಸಮೀಕರಣದಲ್ಲಿ ಹಾಕಿ ಎರಡೂ ಬದಿ ಸಮ ಆಗುತ್ತದೆಯೇ ಎಂದು ನೋಡುವುದು. "ತಾಳೆ ನೋಡ್ರೋ, ತಾಳೆ ನೋಡ್ರೋ" ಎಂದು ಸೇವೆಯುದ್ದಕ್ಕೂ ಗಂಟಲು ಹರಿದುಕೊಂಡೆ, ಒಬ್ಬನೂ ನೋಡಲಿಲ್ಲ. ಈಗ ಮೊದಲಿಗೇ ತಾಳೆ ನೋಡುವವಳು ಮನೆಯಲ್ಲೇ ಸಿಕ್ಕರೆ ನಾನು ಮುಖ ಗಂಟುಹಾಕಿ ಕೂತಿದ್ದೇನೆ. ಹಾಗೆ ನೋಡಿದರೆ ಈ ಸೊಸೆಯನ್ನು ನಾವು ಆರಿಸಿದ್ದೂ ಹಾಗೇ. ನಾನು ಮನೆತನ, ಬಳಗ, ಓದು ಎಂದು ಹಂತಹಂತವಾಗಿ ವಿಚಾರಿಸುತ್ತ ತಿಂಗಳು ಕಳೆದೆ, ಯಾವ ತೀರ್ಮಾನಕ್ಕೂ ಬರಲಿಲ್ಲ. ಹೆಂಡತಿ ಒಮ್ಮೆ ಅವರ ಮನೆಗೆ ಹೋಗಿ, ಆ ಹುಡುಗಿಯ ಜೊತೆ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿಂದು ಬಂದು, "ಇಕಿನ ನಮ್ಮ ಸೊಸಿ" ಎಂದಿದ್ದಳು. ಆ ಉತ್ತರ ಇಂದಿನವರೆಗೂ ತಪ್ಪಾಗಿಲ್ಲ.

ಮರುದಿನದಿಂದ ನಾನೂ ಪಕ್ಷಾಂತರ ಮಾಡಿದೆ. ಉತ್ತರಗಳು ಏರಿಕೆಯಲ್ಲಿದ್ದರೆ ನಡುವಿನದರಿಂದ ಹಾಕಿ ನೋಡು, ಹೆಚ್ಚಾದರೆ ಕೆಳಗಿಳಿ, ಕಡಿಮೆಯಾದರೆ ಮೇಲೇರು. ಎಕ್ಸ್ ಎಂದು ಅಕ್ಷರವಿದ್ದಲ್ಲಿ ಎರಡೋ ಮೂರೋ ಇಟ್ಟು ನೋಡು. ತಿಳಿಯದಿದ್ದರೆ ಬಿಟ್ಟು ಮುಂದೆ ಹೋಗು, ತಪ್ಪಿದರೆ ಅಂಕ ಕಳೆಯುತ್ತಾರೆ. ಇವನ್ನೆಲ್ಲ ನಾನೇ ಕಂಡುಹಿಡಿದವನಂತೆ ಹೇಳತೊಡಗಿದೆ. ಆಕೆ ಮರಾಠಿಯಲ್ಲಿ ಮಗ್ಗಿ ಗೊಣಗುತ್ತ ಪಟಪಟನೆ ಹಾಕಿ ನೋಡುತ್ತಿದ್ದರೆ ಕೇಳಲು ಹಿತವಾಗುತ್ತಿತ್ತು. ಆದರೂ ಪ್ರತಿ ಉತ್ತರದ ಮುಂದೆ ನನ್ನ ಬಾಯಿಂದ "ಆದ್ದರಿಂದ" ಬಂದೇಬಿಡುತ್ತಿತ್ತು. ಆಕೆ ನಗುತ್ತಿದ್ದಳು.

ಪರೀಕ್ಷೆ ಬೆಳಗಾವಿಯಲ್ಲಿತ್ತು. ಸಕ್ಕರೆ ಕಾರ್ಖಾನೆಯಲ್ಲಿರುವ ಮಗನಿಗೆ ರಜೆ ಸಿಗಲಿಲ್ಲವಾಗಿ ನಾನೇ ಜೊತೆಗೆ ಹೊರಟೆ. ಹೆಂಡತಿ ದಪಾಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಟ್ಟು, "ದಾರ್ಯಾಗ ಸೂತ್ರ ಹೇಳಬ್ಯಾಡ್ರಿ, ಆಣಿ ಐತಿ" ಎಂದಳು. ಸಂಕೇಶ್ವರ ದಾಟುವವರೆಗೆ ನಾನು ತುಟಿ ಕಚ್ಚಿಕೊಂಡು ಕೂತದ್ದು ನನ್ನ ಜೀವನದ ದೊಡ್ಡ ತಪಸ್ಸು. ಸುರೇಖಾ ಒಳಗೆ ಹೋದ ಮೇಲೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಇದೊಂದೇ ಸಲ ಎಂದಾಗಿನ ಆಕೆಯ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾನು ಬರೆದ ಯಾವ ಪರೀಕ್ಷೆಗೂ ಇಷ್ಟು ಹೆದರಿದವನಲ್ಲ.

ಗಂಟೆ ಹೊಡೆಯಿತು, ಎಲ್ಲರ ಜೊತೆ ಸುರೇಖಾಳೂ ಬಂದಳು. ಮುಖದಲ್ಲಿ ಕಳೆ ಇತ್ತು. "ಎಲ್ಲಾ ಮುಗಿಸಿದ್ನಿರಿ ಮಾಮಾ. ಮುಗದೂ ಟೈಮ್ ಉಳೀತು. ಅದಕ್ಕ ಒಂದು ಲೆಕ್ಕ ನಿಮ್ಮ ಸಂಬಂಧ ಪೂರಾ ಹಂತ ಹಾಕಿ ಮಾಡೀನಿ" ಎಂದು ಪ್ರಶ್ನೆಪತ್ರಿಕೆಯನ್ನು ಕೈಗಿತ್ತಳು.

ಬಸ್ಸಿನಲ್ಲಿ ಕೂತು ಕನ್ನಡಕ ಹಾಕಿಕೊಂಡೆ. ಕೊನೆಯ ಪುಟದ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರ. ತಂದೆಯ ವಯಸ್ಸು ಮಗನ ನಾಲ್ಕರಷ್ಟು, ಐದು ವರ್ಷದ ನಂತರ ಮೂರರಷ್ಟು, ಮಗನ ವಯಸ್ಸೆಷ್ಟು? 'ಮಗನ ವಯಸ್ಸು ಎಕ್ಸ್ ಆಗಿರಲಿ' ಎಂದು ಶುರುವಾಗಿತ್ತು. ಸಮಚಿಹ್ನೆಗಳು ಒಂದರ ಕೆಳಗೊಂದು, ಮೂರು ಚುಕ್ಕೆ ಕುಂಕುಮ ಇಟ್ಟಷ್ಟು ದೊಡ್ಡದಾಗಿ, ಕೊನೆಗೆ ಮಗನ ವಯಸ್ಸು ಹತ್ತು. ಸರಿಯಾದ ಉತ್ತರ. ಮತ್ತೊಮ್ಮೆ ನೋಡಿದೆ. ಮೂರನೆಯ ಸಾಲಿನಲ್ಲಿ ಐದು ಈ ಬದಿಗೆ ಬರುವಾಗ ಚಿಹ್ನೆ ಬದಲಿಸಿರಲೇ ಇಲ್ಲ! ಹದಿನೈದಕ್ಕೆ ಐದು ಕೂಡಿಸಿ, ಕೆಳಗೆ ನಿರ್ಭಯವಾಗಿ ಹತ್ತು ಎಂದು ಬರೆದಿದ್ದಳು. ತಾಳೆ ನೋಡಿ ಉತ್ತರ ಮೊದಲೇ ಗೊತ್ತಿತ್ತಲ್ಲ, ನನ್ನ ಸಂತೋಷಕ್ಕಾಗಿ ಹಂತಗಳನ್ನು ಅಲ್ಲಿಗೆ ಎಳೆದು ತಂದಿದ್ದಳು.

"ಬರೋಬ್ಬರಿ ಐತೇನ್ರಿ ಮಾಮಾ?" ಎಂದಳು, ಕಣ್ಣಲ್ಲಿ ನಿದ್ದೆ ತುಂಬಿಕೊಂಡು.

"ಎಲ್ಲಾ ಬರೋಬ್ಬರಿ ಐತವ್ವಾ" ಎಂದು ಕೆಂಪು ಪೆನ್ನು ತೆಗೆದು ಪುಟದುದ್ದ ಸರಿ ಗುರುತು ಹಾಕಿದೆ. ಪೂರ್ತಿ ಅಂಕ ಕೊಟ್ಟೆ. ಆಕೆ ಕಿಟಕಿಗೆ ಒರಗಿ ಮಲಗಿದಳು. ನನ್ನ ಕನ್ನಡಕ ಮಂಜಾಯಿತು.

ಆಯ್ಕೆ ಪಟ್ಟಿಯಲ್ಲಿ ಸುರೇಖಾಳ ಹೆಸರು ಬಂತು. ಈಗ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಾಳೆ. ನಾನು ಊರೆಲ್ಲ ನನ್ನ ಬೋಧನೆಯ ಫಲವೆಂದು ಹೇಳಿಕೊಂಡು ತಿರುಗುತ್ತೇನೆ. ಆ ಪ್ರಶ್ನೆಪತ್ರಿಕೆ ನನ್ನ ಕಪಾಟಿನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ, ಮನಸ್ಸು ತುಂಬುತ್ತದೆ. ಆದರೆ ಮೂರನೆಯ ಸಾಲಿಗೆ ಬಂದ ಕೂಡಲೇ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಗುತ್ತದೆ. ಹೆಂಡತಿ ಅಡುಗೆಮನೆಯಿಂದಲೇ "ಏನ್ ಮಾಡಾಕತ್ತೀರಿ ಅಲ್ಲಿ?" ಎನ್ನುತ್ತಾಳೆ.

"ಏನಿಲ್ಲ, ತಾಳೆ ನೋಡಾಕತ್ತೀನಿ."

"ಆತೇನ್ರಿ?"

"ಆತು" ಎಂದು ಪೆನ್ನಿನ ಟೊಪ್ಪಿಗೆ ಹಾಕಿಬಿಡುತ್ತೇನೆ.